ಅಂದಾಜಿಗೆ ಕೈ ಹಾಕದ ಡಾಕ್ಟರು

ಡಾಕ್ಟರು ತೀರಿಕೊಂಡದ್ದು ನನಗೆ ಒಂದು ವಾರಪತ್ರಿಕೆಯಿಂದ ಗೊತ್ತಾಯಿತು. ಅಂಗೈ ಅಗಲದ ಸುದ್ದಿ, ಮೇಲೊಂದು ಹಳೆಯ ಫೋಟೋ. ‘ಒಂದೇ ಕಣ್ಣಿನಿಂದ ಬಡವರ ಸೇವೆಗೈದ ಶಸ್ತ್ರವೈದ್ಯ’ ಎಂದು ಬರೆದಿದ್ದರು. ಕೆಳಗೆ ಶ್ರದ್ಧಾಂಜಲಿ ಸಲ್ಲಿಸಿದವರ ಹೆಸರುಗಳಿದ್ದವು. ಅವುಗಳಲ್ಲಿ ಎರಡನ್ನು ಓದಿ, ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟೆ. ಈ ಮನುಷ್ಯನ ಕೈಗೆ ಇನ್ನು ಚಾಕು ಕೊಡಬಾರದು ಎಂದು ಕಾಗದದ ಮೇಲೆ ಸಹಿ ಮಾಡಿದವರಲ್ಲಿ ಅವರಿಬ್ಬರೂ ಇದ್ದರು.

ನಾನು ಬರೆಯುವವನಲ್ಲ. ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ. ಈಗ ಕೀಲಿಮಣೆಯಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಾ ಇದನ್ನು ಬರೆಯುತ್ತಿದ್ದೇನೆ. ಸುಮ್ಮನಿದ್ದರೆ ಆ ಅಂಗೈ ಅಗಲದ ಸುದ್ದಿಯೇ ನಿಜವಾಗಿ ಉಳಿದುಬಿಡುತ್ತದೆ.

ಮೊದಲು ತಪ್ಪು ತಿದ್ದುತ್ತೇನೆ. ಡಾಕ್ಟರಿಗೆ ಎರಡು ಕಣ್ಣುಗಳಿದ್ದವು, ಎರಡೂ ಕಾಣುತ್ತಿದ್ದವು. ಆದರೆ ಹುಟ್ಟಿನಿಂದ ಮೆಳ್ಳಗಣ್ಣು. ಬಲಗಣ್ಣು ನಿಮ್ಮನ್ನು ನೋಡುತ್ತಿದ್ದರೆ ಎಡಗಣ್ಣು ಬಾಗಿಲ ಕಡೆ ಇರುತ್ತಿತ್ತು. ಎರಡೂ ಕೂಡಿ ಒಂದೇ ವಸ್ತುವನ್ನು ಎಂದೂ ನೋಡಿದ್ದಿಲ್ಲ. ಹಾಗೆ ಕೂಡಿ ನೋಡಿದರೆ ಮಾತ್ರ ಯಾವುದು ಹತ್ತಿರ, ಯಾವುದು ದೂರ, ಎಷ್ಟು ಆಳ ಎಂಬುದು ನೋಡಿದ ಕೂಡಲೇ ತಿಳಿಯುತ್ತದಂತೆ. ನಿಮಗೂ ನನಗೂ ಅದು ಬೇಡದೇ ಸಿಕ್ಕಿದೆ. ಅವರಿಗೆ ಸಿಕ್ಕಿರಲಿಲ್ಲ. “ನನಗ ಎಲ್ಲಾ ಗ್ವಾಡಿಗೆ ಹಚ್ಚಿದ ಕ್ಯಾಲೆಂಡರ್ ಇದ್ದಂಗ ಕಾಣ್ತೈತಿ. ನೀನೂ ಕ್ಯಾಲೆಂಡರ್‌ದಾಗಿನ ಮನಶ್ಯಾನ” ಎಂದು ಒಮ್ಮೆ ನಗುತ್ತಾ ಹೇಳಿದ್ದರು.

ಇಂಥವರು ಶಸ್ತ್ರಕ್ರಿಯೆ ಮಾಡುವ ಡಾಕ್ಟರಾಗಿದ್ದರು. ಚೆನ್ನಾಗಿ ಮಾಡುತ್ತಿದ್ದರು. ಹೇಗೆ ಮಾಡುತ್ತಿದ್ದರು ಎಂಬುದನ್ನು ಈ ಕಡೆ ಪಕ್ಕದಲ್ಲಿ ನಿಂತು ನೋಡಿದವರು ಇಬ್ಬರೇ. ಒಬ್ಬರು ನರ್ಸಬಾಯಿ, ಇನ್ನೊಬ್ಬ ನಾನು. ಆದರೆ ಅದನ್ನು ನಮ್ಮಿಬ್ಬರನ್ನು ಯಾರೂ ಕೇಳಲಿಲ್ಲ.

ಆಗ ಐವತ್ತರ ದಶಕ ಮುಗಿಯುತ್ತಿತ್ತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಭೋಂಗಾ ಹೊಸದಾಗಿ ಕೂಗಲು ಹತ್ತಿತ್ತು. ಹಳಿಯಾಳದ ರಸ್ತೆಯಲ್ಲಿ ಕಟ್ಟಿಗೆ ವ್ಯಾಪಾರಸ್ಥರು ಕೂಡಿ ನಡೆಸುತ್ತಿದ್ದ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಈಗ ಅದು ಇಲ್ಲ, ಅಲ್ಲೊಂದು ಗೋದಾಮು ಇದೆ. ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದ ನಾನು ಬೆನ್ನು ಹಿಡಿದುಕೊಂಡು ಅಲ್ಲಿಗೆ ಹೋದವನು. ಬೆನ್ನು ನೆಟ್ಟಗಾದ ಮೇಲೆ ಅಲ್ಲಿಯೇ ವಾರ್ಡಿನ ಕೆಲಸಕ್ಕೆ ಉಳಿದೆ. ಆಗ ನನಗೆ ಇಪ್ಪತ್ತಾರು, ಮನೆಯಲ್ಲಿ ಒಂದು ಮಗು.

ಒಂದು ವರ್ಷದ ಮೇಲೆ ಡಾಕ್ಟರು ನನ್ನನ್ನು ಆಪರೇಶನ್ ಕೋಣೆಗೆ ಕರೆದುಕೊಳ್ಳಬೇಕೆಂದರು. ಆದರೆ ನನಗೆ ಓದಲು ಬರುತ್ತಿರಲಿಲ್ಲ.

“ಬಾಟ್ಲಿ ಮ್ಯಾಲಿನ ಹೆಸರ ಓದಾಕ ಬರದವನ ಕೈಯಾಗ ನಾ ಬಾಟ್ಲಿ ಹೆಂಗ ಕೊಡ್ಲಿ?” ಎಂದರು.

“ಬಣ್ಣಾ ನೋಡಿ ಗುರ್ತಾ ಹಿಡೀತೇನ್ರಿ ಸಾಹೇಬ್ರ.”

“ಬಣ್ಣಾ ನೋಡಿ ಅಂದಾಜ್ ಮಾಡ್ತಿ. ಅಂದಾಜ್ ನನಗ ಬ್ಯಾಡ. ಸಾಲಿಗೆ ಹೋಗು.”

ಅವರೇ ಮಾಸ್ತರರೊಬ್ಬರಿಗೆ ಹೇಳಿ ನನ್ನನ್ನು ಸಣ್ಣ ಹುಡುಗರ ಹಿಂದೆ ಕೂರಿಸಿದರು. ಆ ಸಿಟ್ಟಿನಲ್ಲಿ ಎರಡು ತಿಂಗಳು ನಾನು ಅವರ ಜೊತೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ತಿಂಗಳು ಬಾಟಲಿಯ ಹೆಸರು ಓದಿ ತೋರಿಸಿದೆ. ಅವರು ಹೊಗಳಲಿಲ್ಲ. “ಹಂ, ಇನ್ನ ಕೈ ತೊಳ್ಕೊಂಡ ಬಾ” ಎಂದರು ಅಷ್ಟೇ.

ಕೋಣೆಯಲ್ಲಿ ಅವರದೊಂದು ನಿಯಮವಿತ್ತು. ಯಾವ ಉಪಕರಣವನ್ನೂ ಅವರ ಮುಂದೆ ಹಿಡಿದು ನಿಲ್ಲುವಂತಿಲ್ಲ. ಅವರು ಅಂಗೈ ಚಾಚುತ್ತಾರೆ, ನಾವು ಅದರಲ್ಲಿ ಒತ್ತಿ ಇಡಬೇಕು. ಗಾಳಿಯಲ್ಲಿ ಹಿಡಿದರೆ ಅವರ ಕೈ ಒಂದು ಇಂಚು ಮುಂದೆಯೋ ಹಿಂದೆಯೋ ಹೋಗುತ್ತಿತ್ತು. ಈ ನಿಯಮ ಕೋಣೆ ದಾಟಿ ಇಡೀ ಆಸ್ಪತ್ರೆಗೆ ಹಬ್ಬಿತ್ತು. ಅಲ್ಲಿ ಯಾರೂ ಯಾರಿಗೂ ಏನನ್ನೂ ಎಸೆಯುತ್ತಿರಲಿಲ್ಲ. ಕೀಲಿ, ಬಾಳೆಹಣ್ಣು, ಎಲೆಯಡಿಕೆ ಎಲ್ಲವನ್ನೂ ಹತ್ತಿರ ಹೋಗಿ ಕೈಯಲ್ಲಿಯೇ ಇಡುತ್ತಿದ್ದೆವು. ನನ್ನ ಮನೆಯಲ್ಲಿ ಈಗಲೂ ಹಾಗೆಯೇ. ಮೊಮ್ಮಕ್ಕಳು ಚೆಂಡನ್ನು ಕೂಡ ಕೈಗೆ ತಂದು ಕೊಡುತ್ತಾರೆ, ಅದು ಯಾತಕ್ಕೆ ಎಂದು ಅವರಿಗೆ ಗೊತ್ತಿಲ್ಲ.

ಇನ್ನೊಂದು, ಬೆಳಕು. ಬೇರೆ ಡಾಕ್ಟರುಗಳಿಗೆ ಆಪರೇಶನ್ನಿನ ಮೇಲೆ ನೆರಳು ಬಿದ್ದರೆ ಆಗದು. ಇವರಿಗೆ ನೆರಳು ಬೇಕು. ಗ್ಯಾಸ್‌ಬತ್ತಿಯನ್ನು ಎಡಗಡೆ ಸ್ವಲ್ಪ ಕೆಳಗೆ ಹಿಡಿಯಲು ಹೇಳುತ್ತಿದ್ದರು. ಆಗ ಚಿಮಟಿಗೆಯ ಒಂದು ಉದ್ದನೆಯ ನೆರಳು ಬೀಳುತ್ತಿತ್ತು. ಚಿಮಟಿಗೆ ಇಳಿದಂತೆ ನೆರಳು ಅದರ ಕಡೆ ಓಡಿ ಬರುತ್ತದೆ. ಎರಡರ ತುದಿ ಕೂಡಿದಾಗ ಚಿಮಟಿಗೆ ಮುಟ್ಟಿದೆ ಎಂದು ಅರ್ಥ. “ನಿಮಗ ಎರಡ ಕಣ್ಣ ಹೇಳಿದ್ದನ್ನ ನನಗ ನೆಳ್ಳ ಹೇಳ್ತೈತಿ” ಎನ್ನುತ್ತಿದ್ದರು. ತಲೆಯನ್ನು ಎಡಕ್ಕೂ ಬಲಕ್ಕೂ ಸಣ್ಣಗೆ ತೂಗುತ್ತಲೇ ಇರುತ್ತಿದ್ದರು. ತಲೆ ತೂಗಿದರೆ ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ ಸರಿಯುತ್ತದೆ. ನೀವೂ ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳಿನ ಮುಂದೆ ಮಾಡಿ ನೋಡಿ.

ಎಲ್ಲಕ್ಕಿಂತ ಹೆಚ್ಚಿನದು ಬೆರಳು. ಅವರು ಮುಂಡಗೋಡ ಕಡೆಯ ಒಕ್ಕಲುತನದ ಮನೆಯವರು. ಅವರ ತಾಯಿ ಹೊದೆಯಲು ಹಳೆಯ ಬಟ್ಟೆಗಳನ್ನು ಪೇರಿಸಿ ಕೌದಿ ಹೊಲಿಯುತ್ತಿದ್ದರು. ಚಿಕ್ಕಂದಿನಲ್ಲಿ ಓಣಿಯ ಆಟದಲ್ಲಿ ಚೆಂಡು ಹಿಡಿಯಲು ಬಾರದ ಈ ಮಗನನ್ನು ಬೇರೆ ಹುಡುಗರು ಸೇರಿಸುತ್ತಿರಲಿಲ್ಲ. ತಾಯಿ ಅವನನ್ನು ಪಕ್ಕ ಕೂರಿಸಿಕೊಂಡು ಸೂಜಿ ಕೊಟ್ಟರು. ಕೌದಿಯ ಏಳೆಂಟು ಪದರಿನ ಕೆಳಗೆ ಎಡಗೈ ಬೆರಳು ಕಾದುಕೊಂಡಿರುತ್ತದೆ. ಮೇಲಿನಿಂದ ಬಂದ ಸೂಜಿಯ ಮೊನೆ ಬೆರಳಿಗೆ ತಾಗಿದ ಕ್ಷಣ ಅದನ್ನು ತಿರುಗಿಸಿ ಮೇಲೆ ಕಳಿಸಬೇಕು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಡಾಕ್ಟರ ಎಡಗೈ ತೋರುಬೆರಳು ಯಾವಾಗಲೂ ಚಾಕುವಿಗಿಂತ ಮೊದಲು ಒಳಗೆ ಹೋಗುತ್ತಿತ್ತು. ಬೆರಳು ಮುಟ್ಟಿ ತಿಳಿಯದ ಕಡೆ ಚಾಕು ಹೋಗುತ್ತಿರಲಿಲ್ಲ.

ಬೆರಳಿಗೆ ಸಿಗದ ಕೆಲಸವನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಕಣ್ಣಿನದು, ಕಿವಿಯದು, ಗಂಟಲ ಒಳಗಿನದು ಬಂದರೆ, “ಇದು ನನ್ನ ಕೈಗೆ ಸಿಗೂದಲ್ಲರಿ. ಹುಬ್ಬಳ್ಳಿಗೆ ಹೋಗ್ರಿ, ಚೀಟಿ ಕೊಡ್ತೇನಿ” ಎಂದು ಕಳಿಸುತ್ತಿದ್ದರು. ತನಗೆ ಬಾರದ್ದನ್ನು ಬರುವುದಿಲ್ಲ ಎಂದು ಹೇಳಿದ ಡಾಕ್ಟರನ್ನು ನಾನು ಅವರ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಹೊರಗೆ ಮಾತ್ರ ಅವರನ್ನು ನೋಡಿದರೆ ನಗು ಬರುತ್ತಿತ್ತು. ಚಹಾ ಸುರಿಯುವಾಗ ಕಿಟಲಿಯ ಮೂತಿಯನ್ನು ಕಪ್ಪಿನ ಅಂಚಿಗೆ ತಾಗಿಸಿಯೇ ಸುರಿಯುತ್ತಿದ್ದರು. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವಿ ಇಳಿಯುತ್ತಿದ್ದರು. ಊರಿನ ಸಾವಕಾರರೊಬ್ಬರ ಮಗಳ ಮದುವೆಯಲ್ಲಿ ಒಬ್ಬರು ಕೈ ಕುಲುಕಲು ಬಂದಾಗ ಇವರ ಕೈ ಅವರ ತೋಳಿಗೆ ಹೋಗಿ ಹತ್ತಿತು. ಪಂಗತಿಯಲ್ಲಿ ಕುಳಿತವರು ಮುಸಿಮುಸಿ ನಕ್ಕರು. ಡಾಕ್ಟರೂ ನಕ್ಕರು. “ನಾಡಿ ನೋಡ್ಲಿಕ್ಕೆ ಬಂದೆ ಅಂತ ತಿಳ್ಕೊಳ್ರಿ” ಎಂದರು.

ಇನ್ನು ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

ಹಳಿಯಾಳ ಕಡೆಯ ಒಂದು ಹಳ್ಳಿಯಿಂದ ಹೊಟ್ಟೆಯಲ್ಲಿ ಗಡ್ಡೆಯಾಗಿದ್ದ ಒಬ್ಬ ರೈತನನ್ನು ಚಕ್ಕಡಿಯಲ್ಲಿ ಕರೆತಂದಿದ್ದರು. ಡಾಕ್ಟರು ನೋಡಿ ಕೊಯ್ಯಬೇಕು ಎಂದರು. ಆತನ ಭಾವಂದಿರಿಬ್ಬರು ಎದುರಿನ ಚಹಾದಂಗಡಿಯಲ್ಲಿ ಕುಳಿತು ಯೋಚನೆ ಮಾಡುತ್ತಿದ್ದರು. ನಾನೂ ಅಲ್ಲಿದ್ದೆ.

“ಆ ಮೆಳ್ಳಗಣ್ಣಿನಾಂವನ ಕೈಯಾಗ ಹೆಂಗ ಕೊಡೂದೋ? ಆಂವ ಎಲ್ಲಿ ನೋಡ್ತಾನ, ಎಲ್ಲಿ ಕೊಯ್ತಾನ?” ಎಂದ ಒಬ್ಬ.

ನನಗೆ ಸಿಟ್ಟು ಬಂತು. ನಮ್ಮ ಡಾಕ್ಟರು ಎಂಥವರು ಎಂದು ಇವರಿಗೆ ತಿಳಿಸಬೇಕು ಎನಿಸಿತು. “ಹೌದ್ರಿ, ಅವರಿಗೆ ಆಳ ಕಾಣೂದಿಲ್ಲ. ಹತ್ತಿರ ದೂರ ಗೊತ್ತಾಗೂದಿಲ್ಲ. ಆದ್ರೂ ಬೆರಳಿಲೆ ತಿಳ್ಕೊಂಡು ಹೆಂಗ ಮಾಡ್ತಾರ ಬಂದ ನೋಡ್ರಿ. ಎರಡೂ ಕಣ್ಣ ನೆಟ್ಟಗಿದ್ದವರಿಗೂ ಅಷ್ಟ ಚೊಕ್ಕ ಆಗೂದಿಲ್ಲ” ಎಂದೆ. ನೆರಳಿನ ವಿಷಯ, ಕೌದಿಯ ವಿಷಯ ಎಲ್ಲವನ್ನೂ ಹೇಳಿದೆ. ಹೆಮ್ಮೆಯಿಂದ ಹೇಳಿದೆ.

ಅವರು ಒಪ್ಪಿದರು. ಗಡ್ಡೆ ಹೊರಗೆ ಬಂತು. ರೈತ ಹದಿನೈದು ದಿನದಲ್ಲಿ ನಡೆದುಕೊಂಡು ಚಕ್ಕಡಿ ಹತ್ತಿದ.

ಆದರೆ ಆ ಅಂಗಡಿಯಲ್ಲಿ ಕಟ್ಟಿಗೆ ಲಾರಿಯ ಮಂದಿಯೂ ಕುಳಿತಿದ್ದರು. ನನ್ನ ಮಾತು ಲಾರಿ ಹತ್ತಿ ದಾಂಡೇಲಿಗೆ ಹೋಯಿತು, ಹಳಿಯಾಳದ ಸಂತೆಗೆ ಹೋಯಿತು. ದಾರಿಯಲ್ಲಿ ಬೆರಳು, ನೆರಳು, ಕೌದಿ ಎಲ್ಲವೂ ಉದುರಿಹೋದವು. ಡಾಕ್ಟರಿಗೆ ಆಳ ಕಾಣುವುದಿಲ್ಲ ಎಂಬುದಷ್ಟೇ ಉಳಿಯಿತು. ಅಷ್ಟು ದಿನ ಮೆಳ್ಳಗಣ್ಣು ಎಂದರೆ ನೋಡಲಿಕ್ಕೆ ಚೆಂದವಿಲ್ಲ ಎಂದಷ್ಟೇ ಮಂದಿ ತಿಳಿದಿದ್ದರು. ಈಗ ನನ್ನಿಂದ ಅದರ ಅರ್ಥ ತಿಳಿದರು, ಅದೂ ಅರ್ಧ.

ಧರ್ಮಾಸ್ಪತ್ರೆಯ ಅಧ್ಯಕ್ಷರಾಗಿದ್ದ ಕಟ್ಟಿಗೆ ಸಾವಕಾರರು ಒಂದು ದಿನ ಬೆಳಿಗ್ಗೆಯೇ ಬಂದರು. ಕೆಟ್ಟ ಮನುಷ್ಯರೇನಲ್ಲ. ಹಾಸಿಗೆ, ಹೊದಿಕೆ ಎಂದರೆ ಮುಂದೆ ಬಂದು ಕೊಡುವವರು. ಅವರಿಗಿದ್ದ ಅಂಜಿಕೆ ಒಂದೇ, ಮಂದಿ ಏನೆಂದಾರು ಎಂಬುದು.

“ಡಾಕ್ಟರ್ರ, ನಿಮಗ ಆಳ ಕಾಣೂದಿಲ್ಲಂತ, ಖರೆ ಏನ್ರಿ?” ಎಂದರು.

“ಖರೆ ರೀ. ಹುಟ್ಟಿದಾಗಿಂದ.”

“ಮತ್ತ ನಮಗ ಹೇಳಲಿಲ್ಲಲ್ಲ?”

“ನೀವು ಕೇಳಲಿಲ್ಲ. ಮುಂಬೈದಾಗ ನನ್ನ ಗುರುಗಳಿಗೆ ಮೊದಲನೇ ದಿನಾನ ಹೇಳಿದ್ದೆ. ಅವರು ಒಂದು ವರ್ಷ ಪೂರ್ತಿ ನನ್ನ ಮಗ್ಗಲದಾಗ ನಿಂತು ನೋಡಿದರು. ಆಮ್ಯಾಲೆ, ಮಾಡು ಅಂದರು. ಬೇಕಾದ್ರ ನೀವೂ ನಿಂತ ನೋಡ್ರಿ.”

ಸಾವಕಾರರು ರಕ್ತ ನೋಡಿದರೆ ತಲೆ ಸುತ್ತಿ ಬೀಳುವವರು. ನಿಂತು ನೋಡುವುದನ್ನು ಬಿಟ್ಟು ಪರೀಕ್ಷೆ ಇಟ್ಟರು. ಹೊರಗಿನಿಂದ ಒಬ್ಬ ಕಣ್ಣಿನ ದೊಡ್ಡ ಡಾಕ್ಟರನ್ನು ಕರೆಸಿದರು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಡಾಕ್ಟರಿಗಿಂತ ಮೊದಲು ಅಲ್ಲಿ ಇನ್ನೊಬ್ಬರಿದ್ದರು. ಬೆಳಿಗ್ಗೆ ಹತ್ತು ಗಂಟೆಯ ತನಕ ಅವರ ಕೈ ನಡುಗುತ್ತಿತ್ತು. ಯಾಕೆ ನಡುಗುತ್ತಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವರ ಎರಡೂ ಕಣ್ಣುಗಳು ನೆಟ್ಟಗಿದ್ದವು. ಅವರಿಗೆ ಯಾರೂ ಪರೀಕ್ಷೆ ಇಡಲಿಲ್ಲ, ಹೋಗುವಾಗ ಶಾಲು ಹೊದಿಸಿ ಕಳಿಸಿದರು.

ಪರೀಕ್ಷೆ ಆಸ್ಪತ್ರೆಯ ಕಚೇರಿಯಲ್ಲಿಯೇ ನಡೆಯಿತು. ಉದ್ದನೆಯ ಮೇಜಿನ ಆ ತುದಿಗೆ ಸ್ವೆಟರ್ ಹೆಣೆಯುವ ಎರಡು ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದರು. ಹಿಂದೆ ಬಿಳಿ ಬಟ್ಟೆ. ಮುಂದೆ ಕಿಂಡಿ ಕೊರೆದ ರಟ್ಟು, ಕಡ್ಡಿಗಳ ಬುಡ ಕಾಣಬಾರದೆಂದು. ನೆರಳು ಬೀಳಬಾರದೆಂದು ಒಂದು ಕಿಟಕಿ ಮುಚ್ಚಿಸಿದರು. ಈ ತುದಿಗೆ ಡಾಕ್ಟರನ್ನು ಕೂರಿಸಿ, ಕಿಂಡಿಯೊಳಗಿಂದ ನೋಡಿ ಯಾವ ಕಡ್ಡಿ ಮುಂದಿದೆ ಎಂದು ಹೇಳಬೇಕು ಎಂದರು. ಡಾಕ್ಟರು ತಮ್ಮ ರೂಢಿಯಂತೆ ತಲೆ ತೂಗಿದರು.

“ತಲಿ ಅಳಗಾಡಿಸಬ್ಯಾಡ್ರಿ” ಎಂದರು ದೊಡ್ಡ ಡಾಕ್ಟರು.

ಎರಡನೆಯ ಸಲವೂ ತಲೆ ತಾನಾಗಿಯೇ ತೂಗಿತು. ಆಗ ಕಚೇರಿಯ ಗುಮಾಸ್ತನನ್ನು ಕರೆದು ಹಿಂದೆ ನಿಲ್ಲಿಸಿದರು. ಅವನು ಎರಡೂ ಅಂಗೈಗಳಿಂದ ಡಾಕ್ಟರ ತಲೆಯನ್ನು ಒತ್ತಿ ಹಿಡಿದ. ಕ್ಷೌರಿಕನ ಮುಂದೆ ಕುಳಿತ ಕೂಸಿನ ಹಾಗೆ ಅವರು ಕುಳಿತಿದ್ದರು. ನೂರಾರು ಮಂದಿ ನಂಬಿ ತಮ್ಮ ಹೊಟ್ಟೆಯನ್ನು ಒಪ್ಪಿಸಿದ್ದ ಆ ಮನುಷ್ಯನ ತಲೆಯನ್ನು ಒಬ್ಬ ಗುಮಾಸ್ತ ಹಿಡಿದುಕೊಂಡಿದ್ದ. 

ಬಲಗಡೆಯ ಕಡ್ಡಿಯನ್ನು ಹಿಂದೆ ಮುಂದೆ ಸರಿಸುವ ಕೆಲಸ ನನಗೆ ಕೊಟ್ಟಿದ್ದರು. ಮೊದಲ ಸಲ ಹಿಂದೆ ಸರಿಸಿದೆ.

“ಯಾವುದು ಮುಂದ ಐತಿ?”

“ಗೊತ್ತಾಗೂದಿಲ್ಲರಿ” ಎಂದರು ಡಾಕ್ಟರು.

ಎರಡನೆಯದೂ ಗೊತ್ತಾಗುವುದಿಲ್ಲ ಎಂದರು. ಮೂರನೆಯ ಸಲ ನಾನು ಕಡ್ಡಿಯನ್ನು ಮುಂದೆ ತಂದು, ಸಣ್ಣಗೆ ಕೆಮ್ಮಿದೆ. ಮುಂದೆ ತಂದಾಗ ಕೆಮ್ಮುವುದು, ಹಿಂದೆ ಒಯ್ದಾಗ ಸುಮ್ಮನಿರುವುದು. ಅಷ್ಟು ಅವರಿಗೆ ತಿಳಿದೇ ತಿಳಿಯುತ್ತದೆ ಎಂದುಕೊಂಡೆ. ತಿಳಿಯಿತು ಕೂಡ.

“ತಮ್ಮಾ, ಗಂಟಲದಾಗ ಏನರ ಸಿಕ್ಕೈತೇನು? ಹೊರಗ ಹೋಗಿ ನೀರ ಕುಡದ ಬಾ” ಎಂದರು.

ನೀರು ಕುಡಿದು ಬಂದೆ. ಆಮೇಲೆ ಕೆಮ್ಮಲಿಲ್ಲ.

ಪ್ರತಿ ಸಲವೂ ಅವರು ಗೊತ್ತಾಗುವುದಿಲ್ಲ ಎಂದೇ ಹೇಳಿದರು. ದೊಡ್ಡ ಡಾಕ್ಟರಿಗೂ ಬೇಸರ ಬಂತು. “ಅಂದಾಜಿಗೆ ಏನರ ಹೇಳ್ರಲಾ. ಎರಡ ಅದಾವ, ಅರ್ಧಾ ಆದ್ರೂ ಖರೆ ಆಗ್ತಾವ” ಎಂದರು.

“ಅಂದಾಜಿಗೆ ನಾ ಏನೂ ಮಾಡೂದಿಲ್ಲರಿ” ಎಂದರು ನಮ್ಮ ಡಾಕ್ಟರು. ದನಿ ಏರಿಸಲಿಲ್ಲ. “ಈತನ ಕೈ ನನ್ನ ತಲಿ ಮ್ಯಾಲಿಂದ ತಗಸ್ರಿ. ಆ ಕಿಟಕಿ ತಗೀರಿ. ಇಲ್ಲಾ ಒಂದ ಬೆರಳ ಮುಟ್ಟಗೊಡ್ರಿ. ಎಲ್ಲಾನೂ ತಪ್ಪದ ಹೇಳ್ತೇನಿ. ಆಪರೇಶನ್ ಮಾಡುವಾಗ ನನ್ನ ತಲಿ ಯಾರೂ ಹಿಡ್ಯೂದಿಲ್ಲರಿ.”

“ಪರೀಕ್ಷಾ ಹಂಗಿಲ್ಲ” ಎಂದರು ದೊಡ್ಡ ಡಾಕ್ಟರು.

ಕೈ ಕಟ್ಟಿ ನೀರಿಗೆ ನೂಕಿ, ಈಜು ಬರುವುದಿಲ್ಲ ಎಂದು ಬರೆದುಕೊಂಡಂತಾಯಿತು. ಅಷ್ಟು ವರ್ಷ ಅವರು ಕೊಯ್ದವರಲ್ಲಿ ಎಷ್ಟು ಜನ ಬದುಕಿದರು, ಎಷ್ಟು ಜನರ ಹೊಲಿಗೆ ಕೀವಾಯಿತು ಎಂದು ಯಾರೂ ಕೇಳಲಿಲ್ಲ. ಆಪರೇಶನ್ನಿನ ರಜಿಸ್ಟರು ಅದೇ ಕೋಣೆಯ ಕಪಾಟಿನಲ್ಲಿತ್ತು. ಅದನ್ನು ತೆಗೆಯಲೂ ಇಲ್ಲ. ಹೊರಗೆ ಹಿಂದಿನ ವಾರವಷ್ಟೇ ಕೊಯ್ಸಿಕೊಂಡ ಹೆಂಗಸು ಬಿಸಿಲು ಕಾಯುತ್ತ ಕುಳಿತಿದ್ದಳು. ಅವಳನ್ನು ಕೇಳಬಹುದಿತ್ತು. ಅವರಿಗೆ ಬೇಕಾದದ್ದು ಎರಡು ಕಡ್ಡಿಗಳ ಸಾಕ್ಷಿ.

ಮೂರು ದಿನಕ್ಕೆ ಆಸ್ಪತ್ರೆ ನಡೆಸುವ ವ್ಯಾಪಾರಸ್ಥರೆಲ್ಲ ಸಹಿ ಮಾಡಿ ಠರಾವು, ಎಂದರೆ ನಿರ್ಣಯ, ಹೊರಡಿಸಿದರು. ಡಾಕ್ಟರು ಜ್ವರ, ಕೆಮ್ಮು ನೋಡಿಕೊಂಡಿರಬಹುದು, ಚಾಕು ಹಿಡಿಯಬಾರದು. ಆಪರೇಶನ್ನಿಗೆ ಗುರುವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬೇರೆಯವರು ಬರುತ್ತಾರೆ. ಆಪರೇಶನ್ ಕೋಣೆಯ ಕೀಲಿ ಸಾವಕಾರರ ಹತ್ತಿರ ಹೋಯಿತು. ಮೊದಲನೆಯ ಗುರುವಾರ ಹೊಸಬರು ಬಂದರು. ಎರಡನೆಯ ಗುರುವಾರ ಬಸ್ಸು ಕೆಟ್ಟಿತು. ಮೂರನೆಯದಕ್ಕೆ ಅವರ ಮನೆಯಲ್ಲಿ ಏನೋ ಕಾರ್ಯವಿತ್ತು.

ಆ ಮೇಲಿನ ಸೋಮವಾರ ಮಧ್ಯಾಹ್ನ ಜೋಯಿಡಾ ಕಡೆಯ ಕಾಡಿನಿಂದ ಒಬ್ಬ ಗೌಳಿಯನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತಂದರು. ಎಮ್ಮೆ ಸಾಕುವ ಮನುಷ್ಯ, ನನ್ನದೇ ವಯಸ್ಸು. ತೊಡೆಯ ಸಂದಿಯಲ್ಲಿ ಕರುಳು ಇಳಿದು ಸಿಕ್ಕಿಬಿದ್ದಿತ್ತು. ಮುಷ್ಟಿಯಷ್ಟು ಬಾವು, ಕಲ್ಲಿನ ಹಾಗೆ ಗಟ್ಟಿ. ಹಿಂದಿನ ಸಂಜೆಯಿಂದ ವಾಂತಿ. ಅವನ ಹೆಂಡತಿ ತಲೆಯ ಹತ್ತಿರ ನಿಂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ಡಾಕ್ಟರು ಬಾವನ್ನು ಮುಟ್ಟಿದರು. ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಬಹಳ ಹೊತ್ತು ನಿಂತರು. “ಒಳಗ ಕರಳಿಗೆ ನೆತ್ತರ ಹೋಗೂದು ನಿಂತೈತಿ. ತಡಾ ಆದ್ರ ಕೊಳೀತೈತಿ” ಎಂದು, ನನ್ನನ್ನು ಸೈಕಲ್ಲಿನ ಮೇಲೆ ಸಾವಕಾರರ ಡಿಪೋಕ್ಕೆ ಕಳಿಸಿದರು.

ಸಾವಕಾರರು ಸಾಗವಾನಿಯ ದಿಮ್ಮಿಗಳಿಗೆ ಗುರುತು ಹಾಕಿಸುತ್ತಿದ್ದರು.

“ಕೀಲಿ ಕೊಡ್ರಿ ಸಾವಕಾರ್ರ. ಮನಶ್ಯಾ ಸಾಯ್ತಾನ” ಎಂದೆ.

“ಗುರುವಾರ ಬರ್ತಾರಲ್ಲೋ ಅವರು.”

“ಗುರುವಾರಕ್ಕ ಇನ್ನ ಮೂರ ದಿನ ಐತ್ರಿ. ಆಂವಗ ಮೂರ ತಾಸಿಲ್ಲ.”

ಅವರ ಮುಖ ಬಾಡಿತು. “ಲಾರಿ ಕೊಡ್ತೇನಿ, ಹುಬ್ಬಳ್ಳಿಗೆ ಒಯ್ರಿ. ಖರ್ಚ ನಂದು. ಕೀಲಿ ಮಾತ್ರ ಕೇಳಬ್ಯಾಡ. ನಾಳೆ ಆಂವಗ ಏನರ ಆದ್ರ ಊರಾಗ ನನಗ ಏನಂತಾರ?”

“ಲಾರಿ ಎಲ್ಲೈತ್ರಿ?”

“ದಾಂಡೇಲಿಗೆ ಹೋಗೈತಿ. ಸಂಜಿಗೆ ಬರ್ತೈತಿ.”

ಸಾವಕಾರರು ಏನೂ ಮಾಡದೆ ಇದ್ದಾಗ ಯಾರಾದರೂ ಸತ್ತರೆ ಅದಕ್ಕಾಗಿ ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಈ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ವಾಪಸು ಬಂದು ಹೇಳಿದೆ.  ಡಾಕ್ಟರು ನರ್ಸಬಾಯಿಯ ಕಡೆ ತಿರುಗಿದರು. ಬಾಯಿ ಗೋವೆ ಕಡೆಯವರು, ಕಡಿಮೆ ಮಾತಿನವರು.

“ಹೆರಿಗಿ ಕೋಲಿ ಕೀಲಿ ಯಾರ ಹಂತ್ಯಾಕ ಐತ್ರಿ, ಬಾಯಿ?”

“ಅದಕ್ಕೆ ಯಾರೂ ಕೀಲಿ ಹಾಕಿಲ್ಲ ಡಾಕ್ಟರ್. ಹೆಂಗಸರ ಕೋಲಿ ಅಲ್ಲವಾ, ನೆನಪೇ ಆಗಿಲ್ಲ ಅವರಿಗೆ” ಎಂದರು ನರ್ಸಬಾಯಿ. “ಚಾಕು, ಕತ್ರಿ ಎಲ್ಲಾ ಉಂಟು. ನೀರು ಆಗಲೇ ಇಟ್ಟಿದ್ದೇನೆ.”

ಹೆರಿಗೆಯ ಕೋಣೆಗೆ ಪಶ್ಚಿಮಕ್ಕೆ ಒಂದೇ ಕಿಟಕಿ. ಮೂರು ಗಂಟೆಯ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ನೋಡಿ ಡಾಕ್ಟರು ಮೇಜನ್ನು ಒಂದು ಮೊಳ ಸರಿಸಲು ಹೇಳಿದರು. ನೋವು ತಿಳಿಯದ ಇಂಜೆಕ್ಷನ್ನನ್ನು ಸುತ್ತಲೂ ಕೊಟ್ಟರು. ಗೌಳಿ ಎಚ್ಚರವಾಗಿಯೇ ಇದ್ದ. ಅವನ ಹೆಂಡತಿಗೆ ಹೊರಗೆ ಹೋಗಲು ಹೇಳಿದರೆ ಹೋಗಲಿಲ್ಲ, ಗೋಡೆಗೆ ಮುಖ ಮಾಡಿ ನಿಂತಳು.

ನಾನು ಅಂಗೈಯಲ್ಲಿ ಚಾಕು ಇಟ್ಟೆ. ತೋರುಬೆರಳು ಮುಂದೆ, ಚಾಕು ಹಿಂದೆ. ಒಂದೊಂದೇ ಪದರು. ತಲೆ ಎಡಕ್ಕೆ, ಬಲಕ್ಕೆ. ಕತ್ತರಿಯ ನೆರಳು ಓಡಿ ಬಂದು ಕತ್ತರಿಯನ್ನು ಕೂಡುವುದನ್ನು ನಾನೂ ನೋಡುತ್ತಿದ್ದೆ. ಕರುಳನ್ನು ಬಿಗಿದಿದ್ದ ಪಟ್ಟಿ ಸಿಕ್ಕಿತು. ಅದರ ಕೆಳಗೆ ಬೆರಳು ತೂರಿಸಿ, ಬೆರಳಿನ ಮೇಲೆಯೇ ಪಟ್ಟಿಯನ್ನು ಕತ್ತರಿಸಿದರು. ಕರುಳು ಹೊರಗೆ ಬಂತು. ನೇರಳೆ ಹಣ್ಣಿನ ಬಣ್ಣ.

“ಬಿಸಿ ಅರಿವಿ” ಎಂದರು.

ನರ್ಸಬಾಯಿ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಕೊಟ್ಟರು. ಅದನ್ನು ಕರುಳಿಗೆ ಸುತ್ತಿ ಕಾದರು. ತೆಗೆದು ನೋಡಿದರು, ಹಾಗೆಯೇ ಇತ್ತು. ಮತ್ತೆ ಸುತ್ತಿದರು.  ಗೌಳಿ, “ಡಾಕ್ಟರಬಾಬಾ, ಹೋತೇನ್ರಿ?” ಎಂದು ಕೇಳಿದ.

“ಇನ್ನಾ ನೋಡಾಕತ್ತೇನಿ ಮಾರಾಯಾ. ನೋಡದ ಏನೂ ಹೇಳೂದಿಲ್ಲ ನಾ.”

ಮೂರನೆಯ ಸಲ ಬಟ್ಟೆ ತೆಗೆದಾಗ ಒಂದು ಅಂಚಿನಲ್ಲಿ ಕೆಂಪು ಬಂದಿತ್ತು. ನೋಡುತ್ತಿದ್ದಂತೆಯೇ ಅದು ಹರಡಿತು. ಡಾಕ್ಟರು ಬೆರಳಿನಿಂದ ಮೆಲ್ಲಗೆ ತಟ್ಟಿದರು, ಕರುಳು ಹುಳುವಿನಂತೆ ಹೊರಳಿತು. “ಉಳೀತು” ಎಂದರು. ಗೋಡೆಗೆ ಮುಖ ಮಾಡಿದ್ದ ಹೆಂಗಸು ಅಲ್ಲಿಯೇ ಕುಸಿದು ಕುಳಿತಳು.

ಸಂಜೆ ರಜಿಸ್ಟರು ತರಿಸಿ ಅವರೇ ಬರೆದರು. ರೋಗಿಯ ಹೆಸರು, ರೋಗ, ಮಾಡಿದ ಕೆಲಸ. ಮಾಡಿದವರು ಎಂಬಲ್ಲಿ ತಮ್ಮ ಪೂರ್ತಿ ಹೆಸರನ್ನು ದಪ್ಪಗೆ ಬರೆದು ಸಹಿ ಹಾಕಿದರು.

“ಬರೀಬ್ಯಾಡ್ರಿ ಸಾಹೇಬ್ರ. ನರ್ಸಬಾಯಿ ಹೇಳೂದಿಲ್ಲ, ನಾ ಹೇಳೂದಿಲ್ಲ” ಎಂದೆ.

“ಕದ್ದ ಮಾಡಿದ್ದೇನು ಇದು?” ಎಂದರು.

ಮೂರನೆಯ ದಿನ ಕಾಗದ ಬಂತು. ಠರಾವು ಮುರಿದದ್ದಕ್ಕಾಗಿ ಅವರನ್ನು ಕೆಲಸದಿಂದ ತೆಗೆಯಲಾಗಿದೆ, ಆ ದಿನವೇ ಆಸ್ಪತ್ರೆ ಕೊಟ್ಟ ಮನೆ ಬಿಡಬೇಕು, ಆಸ್ಪತ್ರೆಯ ಆವಾರದಲ್ಲಿ ಕಾಲಿಡಬಾರದು. ಅದನ್ನು ತಂದುಕೊಟ್ಟವನು ಅದೇ ಗುಮಾಸ್ತ. ಕಾಗದದಲ್ಲಿ ಗೌಳಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಆಗ ಅವನು ವಾರ್ಡಿನಲ್ಲಿ ಕುಳಿತು ಗಂಜಿ ಕುಡಿಯುತ್ತಿದ್ದ. ಅವನು ಸತ್ತಿದ್ದರೆ ಅವನ ಹೆಸರು ಅದರಲ್ಲಿ ನಾಲ್ಕು ಸಲ ಬರುತ್ತಿತ್ತು.

ಡಾಕ್ಟರು ಅಂದೇ ಊರು ಬಿಡಬಹುದಿತ್ತು. ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದು ಐದು ದಿನ ಉಳಿದರು. ದಿನವೂ ನರ್ಸಬಾಯಿ ಗೌಳಿಯ ಗಾಯ ಹೇಗಿದೆ ಎಂದು ನನ್ನ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು. “ಹೊಲಿಗಿ ನರ್ಸಬಾಯಿನೂ ಬಿಚ್ಚಬಹುದು. ಆದ್ರ ನಾ ಹಾಕಿದ್ದನ್ನ ನಾ ಮುಟ್ಟಿ ನೋಡೇ ಹೋಗ್ತೇನಿ” ಎಂದರು ಡಾಕ್ಟರು.

ಎಂಟನೆಯ ದಿನ ಬೆಳಿಗ್ಗೆ ನಾನು ಕುದಿಸಿದ ಕತ್ತರಿ, ಚಿಮಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡೆ. ಗೌಳಿಯನ್ನೂ ಅವನ ಹೆಂಡತಿಯನ್ನೂ ಮೆಲ್ಲಗೆ ಬಸ್‌ಸ್ಟ್ಯಾಂಡಿಗೆ ನಡೆಸಿಕೊಂಡು ಹೋದೆ. ಹುಬ್ಬಳ್ಳಿ ಬಸ್ಸು ನಿಂತಿತ್ತು. ಡಾಕ್ಟರ ಟ್ರಂಕು ಆಗಲೇ ಮೇಲೆ ಹತ್ತಿತ್ತು. ಗೌಳಿಯನ್ನು ಅಲ್ಲಿದ್ದ ಉದ್ದನೆಯ ಕಟ್ಟಿಗೆಯ ಬಾಕಿನ ಮೇಲೆ ಮಲಗಿಸಿದೆವು, ಹೆಂಡತಿ ಕಂಬಳಿ ಮರೆ ಹಿಡಿದಳು. ಡಾಕ್ಟರು ನೆಲಕ್ಕೆ ಮೊಣಕಾಲೂರಿ ಕುಳಿತರು.

“ಬಸ್ ಬಿಡ್ಲ್ಯಾ ಹೆಂಗ?” ಎಂದು ಕಂಡಕ್ಟರ್ ಕೇಳಿದ.

“ಎಂಟ ಹೊಲಿಗಿ ಅದಾವ. ಎಂಟ ನಿಮಿಷ ತಡಿಯಪಾ.”

ಡ್ರೈವರು ಇಂಜಿನ್ ಬಂದ್ ಮಾಡಿದ. ಬಸ್ಸಿನೊಳಗಿನ ಮಂದಿ ಕಿಟಕಿಯಲ್ಲಿ ತಲೆ ಹಾಕಿದರು, ಯಾರೂ ಗದ್ದಲ ಮಾಡಲಿಲ್ಲ. ಒಂದೊಂದೇ ದಾರ ಬಂತು. ಕೊನೆಯದು ಬಂದಾಗ ನನಗೆ ತಡೆಯಲಾಗಲಿಲ್ಲ.

“ಸಾಹೇಬ್ರ, ಆಳ ಕಾಣೂದಿಲ್ಲ ಅಂತ ಚಾದಂಗಡ್ಯಾಗ ಹೇಳಿದಾಂವ ನಾನ ರೀ” ಎಂದೆ.

“ಗೊತ್ತೈತಿ” ಎಂದರು. ಗಾಯದ ಗೆರೆಯ ಮೇಲೆ ಬೆರಳು ಎಳೆಯುತ್ತಲೇ ಇದ್ದರು. “ಆ ರೈತನ ಭಾವಂದಿರು ನನ್ನ ಮುಂದ ಕೌದಿ ಮಾತ ತಗದಿದ್ರು. ಅದನ್ನ ನಿನ್ನ ಬಿಟ್ಟ ಯಾರಿಗೆ ಹೇಳೇನಿ ನಾ? ನೀ ಹೇಳಿದ್ದೇನ ಸುಳ್ಳಲ್ಲ. ಸಾಲಿ ಬಿಡಬ್ಯಾಡ.”

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬಸ್ಸು ಹೋಯಿತು. ನಾನು ಅದನ್ನು ಹತ್ತಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಮನೆಯಲ್ಲಿ ಮಗುವಿತ್ತು ಎಂದು ಹೇಳಿಕೊಳ್ಳಬಹುದು. ಸಾವಕಾರರಿಗೂ ಹೇಳಿಕೊಳ್ಳಲು ಏನೋ ಒಂದು ಇತ್ತು.

ಧೂಳು ಅಡಗುವ ಮೊದಲೇ ಗುಮಾಸ್ತ ಸೈಕಲ್ ಮೇಲೆ ಬಂದ. ಯಾರೋ ಸುದ್ದಿ ಮುಟ್ಟಿಸಿದ್ದರು. “ಆ ಕತ್ರಿ, ಚಿಮಟಿಗಿ ಆಸ್ಪತ್ರಿವು. ಹೊರಗ ಯಾರನ್ನ ಕೇಳಿ ತಂದಿ?” ಎಂದು ಬಟ್ಟೆಯ ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡ.

ಗೌಳಿ ಬಾಕಿನ ಮೇಲೆ ಎದ್ದು ಕುಳಿತು ಅಂಗಿ ಸರಿ ಮಾಡಿಕೊಳ್ಳುತ್ತಿದ್ದ. “ಆ ಡಾಕ್ಟರಬಾಬಾ ಮತ್ತ ಯಾವಾಗ ಬರ್ತಾರ?” ಎಂದು ಕೇಳಿದ.

“ಆಂವ ಬರೂದಿಲ್ಲ” ಎಂದ ಗುಮಾಸ್ತ. “ಗುರುವಾರಕ್ಕ ಬ್ಯಾರೇದವರು ಬರ್ತಾರ. ಅವರಿಗೆ ಎರಡೂ ಕಣ್ಣ ಚಲೋ ಅದಾವ.”

ಗೌಳಿ ಅಂಗಿಯ ಕೊನೆಯ ಗುಂಡಿ ಹಾಕಿಕೊಂಡ.

“ಮತ್ತ ಸೋಮಾರ ಎಲ್ಲಿದ್ರು ಅವರು?” ಎಂದ.